ಬಿಸ್ಕತ್ತಿಗೆ ಜವೆಗೋಧಿ, ಕೇಕಿಗೆ ಜೋನಿಬೆಲ್ಲ: ಧಾರವಾಡದ ಮನೆ ಬೇಕರಿಯ ಸಾಮಾನು ವಿಮರ್ಶೆ

ಧಾರವಾಡದ ನನ್ನ ಮನೆಯಲ್ಲೇ ಆರ್ಡರಿನ ಮೇಲೆ ಬಿಸ್ಕತ್ತು, ಕೇಕು, ಬ್ರೆಡ್ಡು ಮಾಡಿಕೊಡುತ್ತೇನೆ. ಮೈದಾ, ಬಿಳಿ ಸಕ್ಕರೆ, ವನಸ್ಪತಿ, ಬಾಟಲಿಯ ವೆನಿಲ್ಲಾ ಎಸೆನ್ಸು ಹಾಕಿ ಮಾಡಿದ ಕೇಕನ್ನು ಬೀದರಿನಲ್ಲಿ ತಿಂದರೂ ಅದೇ ರುಚಿ, ಚಾಮರಾಜನಗರದಲ್ಲಿ ತಿಂದರೂ ಅದೇ ರುಚಿ. ನನಗೆ ಅದು ಸಾಕಾಗಿತ್ತು. ನಮ್ಮೂರು ಕೂತಿರುವ ಜಾಗವೇ ಬೇರೆ ರೀತಿಯದು: ಮೂಡಲಿಗೆ ನವಲಗುಂದದ ಎರೆಭೂಮಿ, ತೆಂಕಲಿಗೆ ಕಲಘಟಗಿ ದಾಟಿದರೆ ಮಲೆನಾಡು. ಗೋಧಿ, ಕುಸುಬೆ ಆ ಕಡೆಯಿಂದ ಬರುತ್ತವೆ. ಬೆಲ್ಲ, ಏಲಕ್ಕಿ, ಜೇನು ಈ ಕಡೆಯಿಂದ. ಬೆಳೆದವರ, ಗಾಣದವರ, ಆಲೆಮನೆಯವರ ಹತ್ತಿರವೇ ಕೊಂಡು, ಬೇಯಿಸಿ, ಗಿರಾಕಿಗಳಿಗೆ ಕೊಟ್ಟು ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಪೊಟ್ಟಣದ ಮೇಲೆ 'ಸಾವಯವ' ಎಂದಿದ್ದ ಮಾತ್ರಕ್ಕೆ ನಾನು ಅಂಕ ಕೊಡುವುದಿಲ್ಲ. ಓವನ್ನಿನಿಂದ ಹೊರಬಂದ ಮೇಲೆ ಆ ಸಾಮಾನು ಏನಾಯಿತು ಎಂಬುದೇ ನನಗೆ ಮುಖ್ಯ.

ಎಲ್ಲಕ್ಕಿಂತ ಹೆಚ್ಚು ಹೇಳಬೇಕಿರುವುದು ಜವೆಗೋಧಿಯ ಬಗ್ಗೆ. ನಮ್ಮ ಕಡೆ ಸದಕ ಅನ್ನುತ್ತಾರೆ, ಮಹಾರಾಷ್ಟ್ರದ ಗಡಿಯಲ್ಲಿ ಖಪ್ಲಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳಲ್ಲಿ ಹಳಬರೆಲ್ಲ ಹುಗ್ಗಿಗೆ, ಮಾದಲಿಗೆ, ಶಾವಿಗೆಗೆ ಹುಡುಕುತ್ತಿದ್ದದ್ದು ಇದನ್ನೇ. ಕುದಿಸಿದ ಶಾವಿಗೆ ಒಂದಕ್ಕೊಂದು ಅಂಟದೆ ಎಳೆಎಳೆಯಾಗಿ ನಿಲ್ಲುತ್ತದೆಯಲ್ಲ, ಆ ಗುಣ ಈ ಕಾಳಿನದು. ಹಿಂಗಾರಿನಲ್ಲಿ ಬಿತ್ತಿ ಫೆಬ್ರುವರಿ-ಮಾರ್ಚಿನಲ್ಲಿ ಕಟಾವು. ತುಕ್ಕು ರೋಗವನ್ನು ಇದು ಚೆನ್ನಾಗಿಯೇ ತಡೆಯುತ್ತದೆ, ಹಾಗಾಗಿ ಔಷಧ ಹೊಡೆಯುವ ಪ್ರಮೇಯ ಕಡಿಮೆ. ಹಳೆಯ ತಳಿಗಳು ಎತ್ತರಕ್ಕೆ ಬೆಳೆದು ಗಾಳಿಗೆ ಮಲಗಿಬಿಡುತ್ತಿದ್ದವು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1025, ಡಿಡಿಕೆ 1029ರಂಥ ಗಿಡ್ಡ ತಳಿಗಳನ್ನು ಕೊಟ್ಟ ಮೇಲೆ ಆ ತೊಂದರೆ ತಗ್ಗಿತು. ನಾನು ಕೊಳ್ಳುವ ರೈತರ ಮನೆಯಲ್ಲಿ ಬಿತ್ತುವುದೂ ಈ ಡಿಡಿಕೆ ತಳಿಯನ್ನೇ.

ಜವೆಗೋಧಿಯಲ್ಲಿ ಅಂಟು, ಅಂದರೆ ಗ್ಲುಟೆನ್, ಇದೆ, ಆದರೆ ದುರ್ಬಲ ಅಂಟು. ಬ್ರೆಡ್ಡಿನ ಗೋಧಿಯಲ್ಲಿ 42 ವರ್ಣತಂತುಗಳಿದ್ದರೆ ಇದರಲ್ಲಿ 28. ಹಿಟ್ಟಿಗೆ ರಬ್ಬರಿನಂಥ ಬಿಗಿ ಕೊಡುವ ಪ್ರೋಟೀನುಗಳು ಮುಖ್ಯವಾಗಿ ಬರುವುದು ಇದರಲ್ಲಿ ಇಲ್ಲದ ಆ ಉಳಿದ ಭಾಗದಿಂದ. ಹೀಗಾಗಿ ಕಲಸಿದ ಹಿಟ್ಟು ಎಳೆದಷ್ಟೂ ಬರುತ್ತದೆ, ಹಿಂದಕ್ಕೆ ಸೆಳೆಯುವುದಿಲ್ಲ. ಬ್ರೆಡ್ಡಿಗೆ ಇದು ಕೊರತೆ. ಬಿಸ್ಕತ್ತಿಗೆ ಇದೇ ವರ. ಎಷ್ಟು ನಾದಿದರೂ ಗಡುಸಾಗದ, ಬಾಯಲ್ಲಿ ಇಟ್ಟೊಡನೆ ಮರಳಿನಂತೆ ಸಡಿಲವಾಗುವ ನಾನ್‌ಖಟಾಯಿ ಬೇಕಾದರೆ ಈ ಹಿಟ್ಟನ್ನು ಮೀರಿಸಿದ್ದು ನನ್ನ ಕೈಗೆ ಇನ್ನೂ ಸಿಕ್ಕಿಲ್ಲ. 200 ಗ್ರಾಂ ಹಿಟ್ಟು, 110 ಗ್ರಾಂ ಎಮ್ಮೆ ತುಪ್ಪ, 100 ಗ್ರಾಂ ಬೆಲ್ಲದ ಪುಡಿ, ಚಿಟಿಕೆ ಉಪ್ಪು, ಏಲಕ್ಕಿ. ಕಲಸಿ ಅರ್ಧ ಗಂಟೆ ತಣ್ಣಗಿಟ್ಟು 160 ಡಿಗ್ರಿಯಲ್ಲಿ ಬೇಯಿಸಿ. ಮೈದಾದಲ್ಲಿ ಮಾಡಿದ್ದರಲ್ಲಿ ತುಪ್ಪ, ಸಕ್ಕರೆ ಎರಡೇ ನಾಲಿಗೆಗೆ ಸಿಗುತ್ತವೆ. ಇದರಲ್ಲಿ ಹುರಿದ ಗೋಧಿಯ ಕಂಪು ಎಲ್ಲದಕ್ಕಿಂತ ಮುಂದೆ ಬರುತ್ತದೆ. ಈಗ ನನಗೆ ಬರುವ ಆರ್ಡರಿನಲ್ಲಿ ಹೆಚ್ಚು ಪಾಲು ಇದರದೇ.

ಬ್ರೆಡ್ಡಿನ ಕಥೆ ಬೇರೆ. ಬರೀ ಜವೆಗೋಧಿಯ ಬ್ರೆಡ್ಡು ಅಗಲಕ್ಕೆ ಹರಡಿಕೊಳ್ಳುತ್ತದೆ, ಮೇಲಕ್ಕೆ ಏಳುವುದಿಲ್ಲ. ನೂರಕ್ಕೆ ಮೂವತ್ತು ಪಾಲು ಇದು, ಎಪ್ಪತ್ತು ಪಾಲು ಸಾಮಾನ್ಯ ಗೋಧಿಹಿಟ್ಟು, ಜೊತೆಗೆ ನಾಲ್ಕು ಕಡೆ ಗೋಡೆಯಿರುವ ಟಿನ್ನು: ಇಷ್ಟಿದ್ದರೆ ಒಳ್ಳೆಯ ಬ್ರೆಡ್ಡೇ ಆಗುತ್ತದೆ. ಇದರಲ್ಲೇ ಪೂರ್ತಿ ಹುಳಿಹಿಟ್ಟಿನ ಬ್ರೆಡ್ಡು ಮಾಡಿ ಮಾರುವವರಿದ್ದಾರೆ. ನನಗೆ ಅದು ಹಿಡಿಸಿಲ್ಲ.

ಹಿಟ್ಟು ಹೇಗೆ ಬೀಸಿದ್ದಾರೆ ಎಂಬುದೂ ಗೋಧಿಯಷ್ಟೇ ಮುಖ್ಯ. ಈ ಕಾಳಿಗೆ ಹೊಟ್ಟು ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ, ಒಕ್ಕಿದರೆ ಬಿಡುವುದಿಲ್ಲ. ಹೊಟ್ಟು ತೆಗೆಯುವ ಗಿರಣಿಗೆ ಒಮ್ಮೆ, ಬೀಸುವ ಗಿರಣಿಗೆ ಇನ್ನೊಮ್ಮೆ ಹೋಗಬೇಕು. ರೊಟ್ಟಿ-ಚಪಾತಿಗೆ ಬೀಸಿದ ನುಣುಪು ಕೇಕಿಗೆ ಸಾಲದು. ತವುಡಿನ ಚೂರು ದೊಡ್ಡದಿದ್ದರೆ ಬಾಯಲ್ಲಿ ಗೀರುತ್ತದೆ. ನಾನು ಕಾಳನ್ನೇ ತಂದು ಓಣಿಯ ಕಲ್ಲಿನ ಗಿರಣಿಯಲ್ಲಿ ಎರಡು ಸಲ ಹಾಕಿಸುತ್ತೇನೆ. ಗಿರಣಿಯವರು ಮಾರ್ಚಿನಲ್ಲಿ ಕಾಳನ್ನು ಅಂಗೈಯಲ್ಲಿ ಹಿಡಿದು ನೋಡಿಯೇ ಎಚ್ಚರಿಸುತ್ತಾರೆ: "ಹೊಸಾ ಗೋದಿ ಐತ್ರಿ, ನೀರ ಕಮ್ಮಿ ಹಿಡೀತೈತಿ." ಅವರ ಮಾತು ಪ್ರತಿ ಸಲವೂ ನಿಜವಾಗುತ್ತದೆ. ಹೊಸ ಬೆಳೆಯ ಹಿಟ್ಟಿಗೆ ಹಾಲನ್ನು ಒಂದೆರಡು ಚಮಚ ಕಡಿಮೆ ಮಾಡಿಯೇ ಶುರುಮಾಡುತ್ತೇನೆ. ದೀಪಾವಳಿಯ ಹೊತ್ತಿಗೆ ಅದೇ ಗೋಧಿ ಹೆಚ್ಚು ಹಾಲು ಕೇಳುತ್ತದೆ.

ಇಲ್ಲಿ ಒಂದು ದೂರು ಇದೆ. ಆನ್‌ಲೈನಿನಲ್ಲಿ ಸಿಗುವ ಜವೆಗೋಧಿ ಹಿಟ್ಟಿನ ಎಷ್ಟೋ ಪೊಟ್ಟಣಗಳ ಮೇಲೆ ತುಂಬಿದ ದಿನಾಂಕ ಇರುತ್ತದೆ, ಬೀಸಿದ ದಿನಾಂಕ ಇರುವುದಿಲ್ಲ. ಇಡಿಯಾಗಿ ಬೀಸಿದ ಹಿಟ್ಟಿನಲ್ಲಿ ಮೊಳಕೆಯ ಎಣ್ಣೆ ಉಳಿದಿರುತ್ತದೆ, ನಮ್ಮ ಬಿಸಿಲಿಗೆ ಅದು ಬೇಗ ಕಮಟುತ್ತದೆ. ನಾನು ತರಿಸಿದ ಒಂದು ಪೊಟ್ಟಣ ಕಟ್ಟು ಬಿಚ್ಚಿದೊಡನೆಯೇ ಹಳೆ ಎಣ್ಣೆಯ ವಾಸನೆ ಹೊಡೆಯಿತು; ಅದಕ್ಕೆ ಕೊಟ್ಟದ್ದು ಮೈದಾದ ಮೂರು ಪಟ್ಟು ದುಡ್ಡು. ಅದಕ್ಕಿಂತ ದೊಡ್ಡ ತಪ್ಪು ಕೆಲವರು ಇದನ್ನು 'ಗ್ಲುಟೆನ್ ಇಲ್ಲದ ಗೋಧಿ' ಎಂದು ಮಾರುವುದು. ಇದರಲ್ಲಿ ಗ್ಲುಟೆನ್ ಇದೆ. ಗ್ಲುಟೆನ್ ತಿಂದರೆ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆ ಇದ್ದವರು ಇದನ್ನು ತಿನ್ನಲೇಬಾರದು. ಹೀಗೆ ಕೇಳಿಕೊಂಡು ಬರುವ ಗಿರಾಕಿಗಳಿಗೆ ನಾನು ಆರ್ಡರು ತೆಗೆದುಕೊಳ್ಳುವುದಿಲ್ಲ.

ಗೋಧಿ ಹೊಲದ ಅಂಚಿನಲ್ಲೇ ಇನ್ನೊಂದು ಸಾಮಾನು ಬೆಳೆಯುತ್ತದೆ: ಕುಸುಬೆ. ಮುಳ್ಳಿನ ಗಿಡ, ದನ ಒಳಗೆ ನುಗ್ಗದಂತೆ ಜೋಳಕ್ಕೆ, ಗೋಧಿಗೆ ಬೇಲಿಯಾಗಿ ಅಕ್ಕಡಿ ಸಾಲಿನಲ್ಲಿ ಹಾಕುವುದು ನಮ್ಮ ಹಿರಿಯರ ಪದ್ಧತಿ. ಕೊಯ್ಯುವಾಗ ಕೈಗೆ ಚುಚ್ಚುತ್ತದೆ, ಆಳು ಸಿಗುವುದಿಲ್ಲ. ಹಾಗೆಂದೇ ವರ್ಷದಿಂದ ವರ್ಷಕ್ಕೆ ಕುಸುಬೆ ಕಡಿಮೆಯಾಗುತ್ತಿದೆ. ಗಾಣದ ಕುಸುಬೆ ಎಣ್ಣೆ ಕೇಕಿಗೆ ಇಷ್ಟು ಒಗ್ಗುತ್ತದೆಂದು ಬೇಕಿಂಗ್ ಕಲಿಸುವವರು ಯಾರೂ ನನಗೆ ಹೇಳಿರಲಿಲ್ಲ. ಶೇಂಗಾ ಎಣ್ಣೆ ಕೇಕಿನಲ್ಲಿ ತನ್ನದೇ ರುಚಿ ಸಾರುತ್ತದೆ, ಕೊಬ್ಬರಿ ಎಣ್ಣೆ ಚಳಿಗಾಲದಲ್ಲಿ ಹೆಪ್ಪುಗಟ್ಟಿ ಕೇಕನ್ನು ಬಿಗಿ ಮಾಡುತ್ತದೆ. ಕುಸುಬೆ ತೆಳುವಾಗಿ ನಿಂತು ಗಜ್ಜರಿ ಕೇಕನ್ನು, ಬಾಳೆಹಣ್ಣಿನ ಕೇಕನ್ನು ಮೂರನೆಯ ದಿನವೂ ಮೆತ್ತಗೆ ಇಡುತ್ತದೆ. ಆದರೆ ಲೀಟರುಗಟ್ಟಲೆ ಕೊಳ್ಳಬೇಡಿ. ಗಾಣದ ಎಣ್ಣೆ ಇಟ್ಟಷ್ಟೂ ಕೆಡುತ್ತದೆ. ಅರ್ಧ ಲೀಟರು ತಂದು ಮುಗಿಸಿ ಮತ್ತೆ ತರುವುದು ಒಳ್ಳೆಯದು.

ಈಗ ಘಟ್ಟದ ಕಡೆಗೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಆಲೆಮನೆ ಕಾಲ ಚಳಿಗಾಲದಲ್ಲಿ ಶುರುವಾಗಿ ಬೇಸಿಗೆಯ ಹೊಸ್ತಿಲವರೆಗೆ ನಡೆಯುತ್ತದೆ. ಕಬ್ಬಿನ ಹಾಲನ್ನು ಕಾಯಿಸಿ ಗಟ್ಟಿ ಬೆಲ್ಲಕ್ಕೆ ಸುಮಾರು 118 ಡಿಗ್ರಿವರೆಗೆ ಒಯ್ಯುತ್ತಾರೆ. 105ರ ಆಸುಪಾಸಿನಲ್ಲೇ ಕೊಪ್ಪರಿಗೆ ಇಳಿಸಿದರೆ ಜೋನಿಬೆಲ್ಲ. ದೋಸೆಗೆ, ತೊಡದೇವಿಗೆ ಇದನ್ನು ಬಲ್ಲವರು ಬಹಳ; ಕೇಕಿಗೆ ಬಳಸುವವರು ಕಡಿಮೆ. ಬೇಕಿಂಗ್ ಪುಸ್ತಕಗಳಲ್ಲಿ ಮೊಲಾಸಸ್, ಗೋಲ್ಡನ್ ಸಿರಪ್ ಎಂದು ಬಂದಲ್ಲೆಲ್ಲ ನಾನು ಹಾಕುವುದು ಜೋನಿ. ಅವೆರಡಕ್ಕೂ ಇಲ್ಲದ ಒಂದು ಗುಣ ಇದಕ್ಕಿದೆ: ಸಿಹಿಯ ಹಿಂದೆ ಸಣ್ಣದೊಂದು ಉಪ್ಪು, ಅದರ ಹಿಂದೆ ಹೊಗೆಯ ನೆನಪು.

ಲೆಕ್ಕ ಗೊತ್ತಿರಬೇಕು. ಜೋನಿಯಲ್ಲಿ ಮೂರನೇ ಒಂದು ಪಾಲಿನಷ್ಟು ನೀರೇ ಇರುತ್ತದೆ. 100 ಗ್ರಾಂ ಸಕ್ಕರೆಯ ಬದಲು ನಾನು 140 ಗ್ರಾಂ ಜೋನಿ ಹಾಕಿ, ಹಾಲನ್ನು 40 ಗ್ರಾಂ ಇಳಿಸುತ್ತೇನೆ. ಅದರಲ್ಲಿನ ಸಕ್ಕರೆಯ ಒಂದು ಭಾಗ ಕಾಯಿಸುವಾಗಲೇ ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆದಿರುತ್ತದೆ. ಅದು ತೇವ ಹಿಡಿದಿಡುತ್ತದೆ, ಜೊತೆಗೆ ಬೇಗ ಕಂದುಗಟ್ಟುತ್ತದೆ. ಆದ್ದರಿಂದ ಓವನ್ನಿನ ಶಾಖ 15 ಡಿಗ್ರಿ ಕಡಿಮೆ, ಹೊತ್ತು ಸ್ವಲ್ಪ ಜಾಸ್ತಿ. ಬೆಲ್ಲದ ಹುಳಿಗೆ ಕಾಲು ಚಮಚ ಅಡುಗೆ ಸೋಡಾ. ಹೀಗೆ ಮಾಡಿದ ಶುಂಠಿ ಕೇಕು ಮಾಡಿದ ದಿನಕ್ಕಿಂತ ಮರುದಿನ ರುಚಿ, ಅದರ ಮರುದಿನ ಇನ್ನೂ ರುಚಿ. ಶುಂಠಿಯೂ ಅದೇ ಊರಿನದಾದರೆ ಬೇರೆ ಮಾತೇ ಇಲ್ಲ.

ಬಣ್ಣ ನೋಡಿ ಮೋಸ ಹೋಗಬಾರದು. ಹೊಂಬಣ್ಣದ ಬೆಲ್ಲ ಬೇಕೆಂಬ ಪೇಟೆಯ ಹಟಕ್ಕೆ ಹೈಡ್ರೋಸ್ ಎಂಬ ರಾಸಾಯನಿಕ ಹಾಕಿ ಬಿಳುಪು ಮಾಡುವ ಚಾಳಿ ಬಂತು. ಕಾಡುಜೇನಿನಂಥ ಕಪ್ಪುಗೆಂಪು ಜೋನಿ ನನಗೆ ಬೇಕು. ಕೊಪ್ಪರಿಗೆಯ ಕೊಳೆ ತೆಗೆಯಲು ಬೆಂಡೆ ಗಿಡದ ಲೋಳೆ ಹಾಕುವ ಆಲೆಮನೆ ಸಿಕ್ಕರೆ ಕೈಬಿಡಬೇಡಿ. ಶಿರಸಿಗೆ ಹೋಗಲಾಗದವರಿಗೆ ಅಲ್ಲಿಯ ಸಹಕಾರಿ ಸಂಘಗಳ ಮಳಿಗೆಗಳಿವೆ. 1923ರಲ್ಲಿ ಶುರುವಾದ ತೋಟಗಾರ್ಸ್ ಸೊಸೈಟಿ, ಅಂದರೆ ಟಿಎಸ್ಎಸ್, ಅಡಿಕೆ ವ್ಯಾಪಾರಕ್ಕೇ ಹೆಸರಾದರೂ ಅದರ ಸೂಪರ್ ಮಾರ್ಕೆಟ್ಟು ಊರಿನವರಿಗೆಲ್ಲ ದಿನಸಿಯ ಮನೆ. ಕದಂಬ ಮಾರ್ಕೆಟಿಂಗ್ ಸೌಹಾರ್ದ ಸಹಕಾರಿಯವರು ಜೋನಿಬೆಲ್ಲ, ಮುರುಗಲು, ಹಲಸಿನ ಉತ್ಪನ್ನಗಳಿಗೆ ಮಾರುಕಟ್ಟೆ ಕಟ್ಟಿಕೊಡಲು ದುಡಿದವರು. ಇವುಗಳ ಆಸರೆ ಇಲ್ಲದಿದ್ದರೆ ಎರಡೆಕರೆ ತೋಟದವರ ಬೆಲ್ಲ ನನ್ನಂಥವಳ ಅಡುಗೆಮನೆಗೆ ಬರುವ ದಾರಿ ಇನ್ನೂ ಕಷ್ಟವಾಗುತ್ತಿತ್ತು. ಮಳೆಗಾಲದಲ್ಲಿ ಮಾತ್ರ ಜೋನಿ ಕೊಳ್ಳುವುದಿಲ್ಲ: ಹಸಿ ಹವೆಗೆ ನೊರೆ ಎದ್ದು ಹುದುಗುತ್ತದೆ. ಮಾರ್ಚಿನೊಳಗೆ ಸ್ಟೀಲಿನ ಡಬ್ಬಿಯಲ್ಲಿ ತುಂಬಿಸಿಕೊಂಡು ಬಂದು ತಂಪಿನಲ್ಲಿಡುತ್ತೇನೆ. ತಳದಲ್ಲಿ ಹರಳು ಕಟ್ಟಿದರೆ ಕೆಟ್ಟಿತೆಂದು ತಿಳಿಯಬೇಡಿ, ಬಿಸಿನೀರಿನಲ್ಲಿ ಡಬ್ಬಿ ಇಟ್ಟರೆ ಕರಗುತ್ತದೆ.

ಬೆಲ್ಲ ಹಾಕಿದ್ದಕ್ಕೆ ಕೇಕು ಔಷಧವಾಗುವುದಿಲ್ಲ. ಸಕ್ಕರೆ ಕಾಯಿಲೆಯವರಿಗೆ ಬೆಲ್ಲವೂ ಸಕ್ಕರೆಯೇ. ಕೆಲವು ಮನೆ ಬೇಕರಿಯವರು 'ಶುಗರ್ ಫ್ರೀ' ಎಂದು ಬರೆದು ಬೆಲ್ಲದ ಕೇಕು ಮಾರುವುದನ್ನು ಕಂಡಾಗ ಸಂಕಟವಾಗುತ್ತದೆ.

ಬಾಳೆಕಾಯಿ ಹುಡಿ, ಎಲ್ಲರ ಬಾಯಲ್ಲೂ ಬಾಕಾಹು. 2021ರಲ್ಲಿ ಕೊರೋನಾ ಕಾಲಕ್ಕೆ ಬಾಳೆಗೆ ಬೆಲೆ ಬಿದ್ದು ಗೊನೆಗಳು ತೋಟದಲ್ಲೇ ಕೊಳೆಯುತ್ತಿದ್ದಾಗ ಕೃಷಿ ಮಾಸಿಕ 'ಅಡಿಕೆ ಪತ್ರಿಕೆ'ಯ ಶ್ರೀ ಪಡ್ರೆಯವರು ಹಚ್ಚಿದ ದೀಪ ಇದು. ಉತ್ತರ ಕನ್ನಡ, ದಕ್ಷಿಣ ಕನ್ನಡದ ಮನೆಮನೆಗಳಲ್ಲಿ ಹೆಂಗಸರು ಕಾಯಿ ಹೆರೆದು, ಒಣಗಿಸಿ, ಪುಡಿಮಾಡಿ ವಾಟ್ಸಾಪಿನಲ್ಲಿ ಮಾರಿದರು. ಆ ಹುರುಪಿಗೆ ನನ್ನ ಪೂರ್ತಿ ಗೌರವವಿದೆ. ಬೇಕಿಂಗಿಗೆ ಅದು ಎಷ್ಟು ಒದಗುತ್ತದೆ ಎಂಬುದನ್ನು ಮಾತ್ರ ಬಿಡಿಸಿ ಹೇಳಬೇಕು. ಇದರಲ್ಲಿ ಅಂಟಿಲ್ಲ, ನೀರನ್ನು ವಿಪರೀತ ಕುಡಿಯುತ್ತದೆ. ಬರೀ ಇದರಲ್ಲೇ ಮಾಡಿದ ಕೇಕು ಒಣಗಿ ಬಿರಿಯುತ್ತದೆ. ಕಾಲು ಪಾಲು ಬಾಕಾಹು, ಮುಕ್ಕಾಲು ಜವೆಗೋಧಿ, ಜೊತೆಗೆ ಕೋಕೋ ಹಾಕಿ ಮಾಡಿದ ಬ್ರೌನಿ ಬಹಳ ಚೆನ್ನಾಗಿ ಬರುತ್ತದೆ. ಅಂಚು ಗರಿಗರಿ, ನಡುವೆ ಮೆತ್ತಗೆ, ಬಾಳೆಯ ಮಣ್ಣಿನ ವಾಸನೆ ಕೋಕೋದಲ್ಲಿ ಬೆರೆತು ಆಳವಾಗುತ್ತದೆ. ಬಿಳಿ ಸ್ಪಾಂಜ್ ಕೇಕಿಗೆ ಹಾಕಬೇಡಿ, ಬೂದಿಬಣ್ಣಕ್ಕೆ ತಿರುಗುತ್ತದೆ. ಹೆರೆದ ಕಾಯನ್ನು ಮಜ್ಜಿಗೆ ನೀರಿನಲ್ಲಿ ಅದ್ದಿ ಒಣಗಿಸಿದವರ ಹುಡಿ ತಿಳಿಯಾಗಿರುತ್ತದೆ, ಹಾಗೇ ಒಣಗಿಸಿದ್ದು ಕಪ್ಪಾಗಿರುತ್ತದೆ. ಇದೂ ಮನೆಯಿಂದ ಮನೆಗೆ, ಸರದಿಯಿಂದ ಸರದಿಗೆ ಬದಲಾಗುವ ಸಾಮಾನು. ದೊಡ್ಡ ಆರ್ಡರಿಗೆ ಮುಂಚೆ ಸಣ್ಣದೊಂದು ಬ್ರೌನಿ ಬೇಯಿಸಿ ನೋಡುತ್ತೇನೆ.

ಬೆಣ್ಣೆಯ ವಿಷಯಕ್ಕೆ ಬಂದರೆ, ನಮ್ಮ ಪೇಢೆಯ ಹಿಂದಿರುವ ಎಮ್ಮೆಗಳೇ ನನ್ನ ಬೆಣ್ಣೆಯ ಹಿಂದೆಯೂ ಇವೆ. ಹಳ್ಳಿಯಿಂದ ಬರುವ ಎಮ್ಮೆ ಬೆಣ್ಣೆ ಹಾಲಿನಷ್ಟು ಬಿಳಿ. ಹಸುವಿನ ಹಾಲಿನ ಹಳದಿ ಅದರಲ್ಲಿ ಇರುವುದಿಲ್ಲ. ಮೊಸರು ಕಡೆದು ತೆಗೆದದ್ದರಿಂದ ತುಸು ಹುಳಿ, ಅದು ಬಿಸ್ಕತ್ತಿಗೆ ಸೊಗಸು. ಅಂಗಡಿಯ ಪ್ಯಾಕೆಟ್ ಟೇಬಲ್ ಬಟರಿನಲ್ಲಿ ನೂರಕ್ಕೆ ಕನಿಷ್ಠ 80 ಪಾಲು ಕೊಬ್ಬು ಇರಲೇಬೇಕೆಂಬ ನಿಯಮವಿದೆ. ಹಳ್ಳಿ ಬೆಣ್ಣೆಯಲ್ಲಿ ನೀರು ಎಷ್ಟಿದೆಯೆಂದು ಕೈಯೇ ಹೇಳಬೇಕು. ತಣ್ಣೀರಿನಲ್ಲಿ ತೊಳೆದು, ಹಿಸುಕಿ, ನೀರು ಹನಿಯುವುದು ನಿಂತ ಮೇಲೆ ತೂಗುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಊರಿನ ಸೆಕೆಗೆ ಬೆಣ್ಣೆ-ಸಕ್ಕರೆ ನೊರೆಯುಕ್ಕುವಂತೆ ಕಡೆಯಲು ಆಗುವುದಿಲ್ಲ. ಆ ಕಾಲದಲ್ಲಿ ತುಪ್ಪದ ಬಿಸ್ಕತ್ತು, ಎಣ್ಣೆಯ ಕೇಕು ಮಾತ್ರ ಮಾಡುತ್ತೇನೆ. ಹಬ್ಬದ ಹೊತ್ತಿಗೆ ಹಳ್ಳಿ ಬೆಣ್ಣೆ ಬೇಕಾದಷ್ಟು ಸಿಗುವುದಿಲ್ಲ, ಆಗ ನಂದಿನಿಯ ಉಪ್ಪಿಲ್ಲದ ಬೆಣ್ಣೆ. ಅದು ಕೂಡ ಹಳ್ಳಿಯ ಹಾಲು ಸಂಘಗಳಿಂದಲೇ ಬಂದ ಹಾಲಿನದು. ಗುಣ ಸದಾ ಒಂದೇ ಸಮ, ಅದನ್ನು ಎರಡನೇ ದರ್ಜೆಯದೆಂದು ನಾನು ಎಣಿಸುವುದಿಲ್ಲ.

ಕೋಕೋ ಮಾತ್ರ ದೂರದ್ದು, ಪುತ್ತೂರಿನ ಕಡೆಯದು. ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಿನಲ್ಲಿ ಕೋಕೋ ಬೆಳೆಯುತ್ತದೆ. ರೈತರ ಸಹಕಾರಿಯಾದ ಕ್ಯಾಂಪ್ಕೋ 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿತು, 1986ರಿಂದ ಪುತ್ತೂರಿನಲ್ಲಿ ಅದರದೇ ಚಾಕೊಲೇಟ್ ಕಾರ್ಖಾನೆ ಇದೆ. ಯಾವ ಕೋಕೋ ಪುಡಿ ಕೊಂಡರೂ ಅದು ಸಹಜದ್ದೋ ಕ್ಷಾರ ಸೇರಿಸಿದ್ದೋ ಕೇಳಿ ತಿಳಿದುಕೊಳ್ಳಿ: ಸಹಜದ್ದು ಹುಳಿ, ಅಡುಗೆ ಸೋಡಾದೊಡನೆ ಕೆಲಸ ಮಾಡುತ್ತದೆ, ಕ್ಷಾರದ್ದಕ್ಕೆ ಬೇಕಿಂಗ್ ಪೌಡರ್ ಬೇಕು. ಜೋನಿಬೆಲ್ಲದ ಜೊತೆ ನನಗೆ ಸಹಜದ್ದೇ ಇಷ್ಟ.

ವೆನಿಲ್ಲಾ ನಿಲ್ಲಿಸಿದ್ದೇನೆ. ಮಲೆನಾಡಿನ ಏಲಕ್ಕಿ ಇರುವಾಗ ಬಾಟಲಿಯ ಎಸೆನ್ಸು ಯಾಕೆ? ಹಸಿರು ಮಾಸದ ಕಾಯಿ ಕೊಂಡು, ಹಾಕುವ ಗಳಿಗೆಯಲ್ಲೇ ಕುಟ್ಟಬೇಕು. ಜೇನನ್ನು ಹಿಟ್ಟಿನಲ್ಲಿ ಬೇಯಿಸುವುದು ದಂಡ, ತುಡುವೆ ಜೇನಿನ ಹೂವಿನ ಕಂಪೆಲ್ಲ ಓವನ್ನಿನಲ್ಲಿ ಹಾರಿಹೋಗುತ್ತದೆ. ಬೆಂದ ಕೇಕಿನ ಮೇಲೆ ಬೆಚ್ಚಗಿರುವಾಗ ಸವರಿದರೆ ಚಮಚದಷ್ಟರಲ್ಲೇ ತನ್ನ ಇರವು ತೋರಿಸುತ್ತದೆ. ಜವಾರಿ ಕೋಳಿಯ ಮೊಟ್ಟೆ 40 ಗ್ರಾಮಿನ ಆಸುಪಾಸು, ಫಾರಂ ಮೊಟ್ಟೆ ಅದಕ್ಕಿಂತ ದೊಡ್ಡದು. ಎಣಿಸಿ ಹಾಕಬೇಡಿ, ಒಡೆದು ತೂಗಿ ಹಾಕಿ.

ಪ್ರಮಾಣಪತ್ರದ ಪ್ರಶ್ನೆ ಬಹಳ ಜನ ಕೇಳುತ್ತಾರೆ. ಸರಕಾರದ ಸಾವಯವ ಗುರುತು ಅಂಗಡಿಗಳಲ್ಲಿ ಸಾವಯವವೆಂದು ಮಾರುವ ಪೊಟ್ಟಣಗಳಿಗೆ ಇರಬೇಕಾದದ್ದು. ತಾನು ಬೆಳೆದದ್ದನ್ನು ನೇರವಾಗಿ ತಿನ್ನುವವರಿಗೆ ಮಾರುವ ಸಣ್ಣ ರೈತರಿಗೆ ನಿಯಮದಲ್ಲೇ ವಿನಾಯಿತಿ ಇದೆ. ಅಂಥವರ ಹತ್ತಿರ ಕೊಳ್ಳುವಾಗ ನಾನು ಹೊಲಕ್ಕೆ ಹೋಗುತ್ತೇನೆ. ಗೊಬ್ಬರದ ತಿಪ್ಪೆ ಎಲ್ಲಿದೆ, ಕಳೆ ಹೇಗೆ ತೆಗೆಯುತ್ತೀರಿ, ಕಾಳಿಗೆ ಹುಳ ಬೀಳದಂತೆ ಏನು ಹಾಕಿಡುತ್ತೀರಿ ಎಂದು ಕೇಳುತ್ತೇನೆ. ಕೊನೆಯದಕ್ಕೆ ಬೇವಿನ ಸೊಪ್ಪು, ಬೂದಿ ಎಂಬ ಉತ್ತರ ಬಂದರೆ ಕಾಳಿನ ಚೀಲದಲ್ಲಿ ಅದು ಕಣ್ಣಿಗೂ ಕಾಣಬೇಕು. ಕಾಣದಿದ್ದರೆ ಆ ಚೀಲ ಕೊಳ್ಳುವುದಿಲ್ಲ.

ಬೆಲೆ ಹೆಚ್ಚೇ. ಜವೆಗೋಧಿಯ ನಾನ್‌ಖಟಾಯಿ ನನ್ನಲ್ಲಿ ಮೈದಾ ಬಿಸ್ಕತ್ತಿನ ಸುಮಾರು ಎರಡರಷ್ಟು ಬೀಳುತ್ತದೆ; ಗೋಧಿಗಿಂತ ತುಪ್ಪವೇ ಅದಕ್ಕೆ ಕಾರಣ. ಗಿರಾಕಿಗಳಿಗೆ ಇದನ್ನು ಬಿಡಿಸಿ ಹೇಳಿದ್ದೇನೆ, ಹೆಚ್ಚಿನವರು ಒಪ್ಪಿದ್ದಾರೆ. ರೈತರೊಡನೆ ಚೌಕಾಸಿ ಮಾಡುವುದಿಲ್ಲ. ಆದರೆ ಅವರ ಮುಂದೆ ನನ್ನದೂ ಒಂದು ಬೇಡಿಕೆ ಇದೆ, ಸಹಕಾರಿ ಮಳಿಗೆಗಳಿಗೂ ಅದೇ ಬೇಡಿಕೆ: ಪೊಟ್ಟಣದ ಮೇಲೆ ಕೊಯ್ದ ತಿಂಗಳು, ಬೀಸಿದ ಅಥವಾ ಕಾಯಿಸಿದ ದಿನ, ತಳಿಯ ಹೆಸರು ಇವಿಷ್ಟನ್ನು ಪೆನ್ನಿನಲ್ಲಾದರೂ ಬರೆಯಿರಿ. ಒಲೆಯ ಮುಂದೆ ನಿಂತವರಿಗೆ ಹಾಲು ಎಷ್ಟು ಇಳಿಸಬೇಕು, ಶಾಖ ಎಷ್ಟು ತಗ್ಗಿಸಬೇಕು ಎಂಬುದು ಅಲ್ಲಿಂದಲೇ ತಿಳಿಯುತ್ತದೆ. ನಾನು ಜವೆಗೋಧಿ ಕೊಳ್ಳುವ ಒಬ್ಬ ಬೆಳೆಗಾರರು ಈಗ ಚೀಲಕ್ಕೆ ಚೀಟಿ ಹಚ್ಚಿ ಕಳಿಸುತ್ತಿದ್ದಾರೆ. ಅವರ ಗೋಧಿಗೆ ಕಿಲೋಗೆ ಹತ್ತು ರೂಪಾಯಿ ಹೆಚ್ಚು ಕೊಡುತ್ತೇನೆ, ಮುಂದೆಯೂ ಕೊಡುತ್ತೇನೆ.